ಐದು ಕಿಲೋಮೀಟರಿನೊಳಗೆ ಸಿಕ್ಕ ಸಮುದ್ರ

ನಾನು ಸಮುದ್ರ ನೋಡಲು ಹೋದ ಮೊದಲ ದಿನ ಅಲ್ಲಿ ಸಮುದ್ರವೇ ಇರಲಿಲ್ಲ.

ಡಬ್ಲಿನ್ ನಗರದ ಉತ್ತರ ಭಾಗದ ಬ್ಯೂಮಾಂಟ್‌ನಿಂದ ಗಂಟೆಗೂ ಹೆಚ್ಚು ನಡೆದು, ಹಳೆಯ ಮರದ ಸೇತುವೆ ದಾಟಿ, ಬುಲ್ ಐಲ್ಯಾಂಡ್ ಎಂಬ ಮರಳು ದ್ವೀಪದ ದಿಬ್ಬ ಹತ್ತಿ ನೋಡಿದರೆ ಕಣ್ಣು ಹಾಯುವಷ್ಟು ದೂರ ಬರೀ ಒದ್ದೆ ಮರಳು. ಅಲ್ಲಲ್ಲಿ ಪಾಚಿ, ಒಂದೆರಡು ಕೊಕ್ಕರೆ, ಆಚೆ ದಡದಲ್ಲಿ ಕೆಂಪು ಬಿಳಿ ಪಟ್ಟೆಯ ಎರಡು ಹೊಗೆ ಚಿಮಣಿ. ಚಳ್ಳಕೆರೆಯವಳಾದ ನನಗೆ ಈ ನೋಟ ಹೊಸದೇನಲ್ಲ. ನಮ್ಮೂರ ಕೆರೆ ಬೇಸಿಗೆಯಲ್ಲಿ ಹೀಗೇ ಇರುತ್ತದೆ. ಅಷ್ಟು ದೂರ ನಡೆದ ಕಾಲು ಸೋತು, ಇಲ್ಲೂ ನನ್ನ ಹಣೆಬರಹ ಇಷ್ಟೇ ಅನ್ನಿಸಿತು.

ಮಗಳು ಚಿನ್ಮಯಿಗೆ ವಿಡಿಯೋ ಕಾಲ್ ಮಾಡಿದೆ. ಆಗ ಅವಳಿಗೆ ಏಳು ವರ್ಷ. ಅವಳೂ ನನ್ನ ಗಂಡ ಮಂಜುನಾಥನೂ ಚಳ್ಳಕೆರೆಯಲ್ಲಿ ನನ್ನ ಅಮ್ಮನ ಜೊತೆ ಇದ್ದರು.

“ಅಮ್ಮ, ಸಮುದ್ರ ಎಲ್ಲೈತೆ? ಬರೀ ಕೆಸರು ಕಾಣ್ತೈತೆ.”

“ಬತ್ತೋಗೈತೆ ಕಣೇ ಪುಟ್ಟಿ. ಮಳೆಗಾಲಕ್ಕೆ ಬರುತ್ತೆ ಅನ್ಸುತ್ತೆ.”

ಓದುಗರು ನಗಬಹುದು. ನಾನು ನರ್ಸಿಂಗ್ ಓದಿದವಳು, ಉಬ್ಬರವಿಳಿತದ ಬಗ್ಗೆ ಶಾಲೆಯಲ್ಲಿ ಬಾಯಿಪಾಠ ಒಪ್ಪಿಸಿ ಅಂಕ ತಗೊಂಡವಳು. ಆದರೆ ಪುಸ್ತಕದ ಇಳಿತವೆಂದರೆ ನನ್ನ ಲೆಕ್ಕದಲ್ಲಿ ನೀರು ನಾಲ್ಕು ಮಾರು ಹಿಂದೆ ಸರಿಯುವುದು. ಇಡೀ ಕೊಲ್ಲಿಯೇ ಗಂಟುಮೂಟೆ ಕಟ್ಟಿಕೊಂಡು ಹೊರಟುಹೋಗುತ್ತದೆಂದು ಯಾವ ಮೇಷ್ಟ್ರೂ ಹೇಳಿರಲಿಲ್ಲ. ಹೋದ ನೀರು ಅದೇ ದಿನ ವಾಪಸ್ ಬರುವುದನ್ನು ನಮ್ಮ ಕಡೆ ಯಾರು ಕಂಡಿದ್ದಾರೆ?

ಇಲ್ಲಿನ ಆಸ್ಪತ್ರೆಯಲ್ಲಿ ನರ್ಸ್ ಕೆಲಸಕ್ಕೆಂದು ನಾನು ಬಂದಿಳಿದದ್ದು ಎರಡು ಸಾವಿರದ ಇಪ್ಪತ್ತರ ಫೆಬ್ರವರಿಯಲ್ಲಿ. ಏಪ್ರಿಲ್‌ಗೆ ಗಂಡ, ಮಗಳು ಬರಬೇಕಿತ್ತು. ಮಾರ್ಚ್‌ನಲ್ಲಿ ಜಗತ್ತಿನ ಬಾಗಿಲು ಮುಚ್ಚಿತು. ಆಸ್ಪತ್ರೆಯ ಕೆಲಸ ಮಾತ್ರ ಮುಚ್ಚಲಿಲ್ಲ. ಮುಖಕ್ಕೆ ಮಾಸ್ಕು, ಕೈಗೆ ಗ್ಲೌಸು, ಮೈಗೆ ಪ್ಲಾಸ್ಟಿಕ್ಕಿನ ಗೌನು. ಬಾಡಿಗೆ ಕೋಣೆಗೆ ಬಂದರೆ ಗೋಡೆ ಬಿಟ್ಟು ಮಾತಾಡುವವರಿಲ್ಲ. ಅಮ್ಮ ಕೊಟ್ಟ ರಾಗಿ ಹಿಟ್ಟು ಮುಗಿದ ಮೇಲೆ ಇಲ್ಲಿಯವರ ಓಟ್ಸ್ ಗಂಜಿಗೆ ಮಜ್ಜಿಗೆ, ಈರುಳ್ಳಿ ಹಾಕಿ ಅಂಬಲಿ ಎಂದು ನನಗೆ ನಾನೇ ಸುಳ್ಳು ಹೇಳಿಕೊಂಡು ಕುಡಿದೆ. ನಿಜ ಹೇಳಬೇಕೆಂದರೆ ಚೆನ್ನಾಗಿಯೇ ಇತ್ತು.

ಮಂಜುನಾಥ ಪ್ರತಿದಿನ ಒಂದೇ ಮಾತು ಹೇಳುತ್ತಿದ್ದ. “ಸಾಕು ಬಿಡು. ವಿಮಾನ ಬಿಟ್ಟ ಕೂಡ್ಲೇ ಬಂದ್ಬಿಡು.” ನಾನು ಫೋನನ್ನು ಮಗಳಿಗೆ ಕೊಡು ಅನ್ನುತ್ತಿದ್ದೆ. ಅವಳಿಗಾದರೂ ಒಂದು ಆಸೆಯಿತ್ತು. ನಾನು ಊರು ಬಿಡುವ ದಿನ ನನ್ನ ಕೈಲಿ ಮಾತು ತಗೊಂಡಿದ್ದಳು: ತಾನು ಬಂದಾಗ ನಾನೇ ಅವಳ ಕೈ ಹಿಡಿದು ಸಮುದ್ರಕ್ಕೆ ಇಳಿಸಬೇಕು. ಆ ಮಾತಿಗೋಸ್ಕರ ನಾನು ಇಲ್ಲಿ ನಿಂತೆ ಎಂದರೆ ಅತಿಶಯೋಕ್ತಿಯಲ್ಲ.

ಮೊದಮೊದಲು ಮನೆಯಿಂದ ಎರಡು ಕಿಲೋಮೀಟರ್ ಮಾತ್ರ ಅಡ್ಡಾಡಬಹುದಿತ್ತು. ಮೇ ತಿಂಗಳಲ್ಲಿ ಅದನ್ನು ಐದಕ್ಕೆ ಏರಿಸಿದರು. ಫೋನಿನಲ್ಲಿ ನಕ್ಷೆ ತೆಗೆದು ನನ್ನ ಕೋಣೆಯ ಸುತ್ತ ವೃತ್ತ ಎಳೆದರೆ, ಅದರ ಅಂಚಿಗೆ ಸಮುದ್ರ ತಗುಲಿಕೊಂಡಿತ್ತು. ಚಳ್ಳಕೆರೆಯ ಹೆಂಗಸಿನ ಪಾಲಿಗೆ ಐರ್ಲೆಂಡ್ ಸರ್ಕಾರ ಸಮುದ್ರ ಮಂಜೂರು ಮಾಡಿದಂತಾಯಿತು. ಮರುದಿನವೇ ಅಮ್ಮನ ಕರಿ ಕಂಬಳಿ ಹೆಗಲಿಗೆ ಹಾಕಿಕೊಂಡು ಹೊರಟೆ. ಪ್ಯಾಕಿಂಗ್ ಮಾಡುವಾಗ ಭಾರವೆಂದು ಮಂಜುನಾಥ ಹೊರಗೆ ತೆಗೆದಿಟ್ಟಿದ್ದ ಕಂಬಳಿ ಅದು. ಅಮ್ಮ ನಾಲ್ಕು ಸೀರೆ ತೆಗೆಸಿ ಅದನ್ನೇ ಒಳಗೆ ತುರುಕಿದ್ದಳು.

ಬತ್ತಿದ ಕೆರೆಯಲ್ಲಿ ಮಾಡುವಂತೆಯೇ ಕಂಬಳಿಯನ್ನು ಮರಳಿನ ಮೇಲೆ ಹಾಸಿ, ಚಪ್ಪಲಿ ಬಿಟ್ಟು, ಕಪ್ಪೆಚಿಪ್ಪು ಆರಿಸುತ್ತಾ ಬಹಳ ದೂರ ಹೋಗಿಬಿಟ್ಟೆ. ದಿಬ್ಬದ ಮೇಲಿಂದ ಯಾರೋ ಕೂಗುತ್ತಿದ್ದರು. ತಿರುಗಿ ನೋಡಿದರೆ, ನನಗೂ ದಡಕ್ಕೂ ನಡುವೆ ನೀರು. ಅಬ್ಬರವಿಲ್ಲ, ಅಲೆಯಿಲ್ಲ, ಕಾಲುವೆಗೆ ಬಿಟ್ಟ ನೀರಿನಂತೆ ತಗ್ಗು ಹಿಡಿದು ಹಿಂದಿನಿಂದ ಬಂದಿತ್ತು. ಎದ್ದೆನೋ ಬಿದ್ದೆನೋ ಎಂದು ಓಡಿದೆ. ನೀರು ಮೊಣಕಾಲು ದಾಟಿತು. ನಡುವೆ ತೇಲುತ್ತಿದ್ದ ಕಂಬಳಿ ಕೈಗೆ ಸಿಕ್ಕಿತು, ಚಪ್ಪಲಿ ಸಿಗಲಿಲ್ಲ.

ಕೂಗುತ್ತಿದ್ದವಳು ಮೋರೀನ್. ಎಪ್ಪತ್ತು ದಾಟಿದ ವಿಧವೆ, ಶಾಲೆಯಲ್ಲಿ ಟೀಚರ್ ಆಗಿದ್ದವಳು, ದಿನವೂ ಅಲ್ಲೇ ಈಜುವವಳು. ಆಗಿನ ನಿಯಮದಂತೆ ಎರಡು ಮೀಟರ್ ದೂರದಲ್ಲೇ ನಿಂತು, “ಸಮುದ್ರ ಎಲ್ಲಿಗೆ ಹೋಗಿತ್ತು ಅಂದ್ಕೊಂಡೆ?” ಎಂದು ಕೇಳಿದಳು. ಬತ್ತಿದೆ ಅಂದುಕೊಂಡಿದ್ದೆ ಅಂದೆ. ಅವಳು ನಕ್ಕ ನಗೆಗೆ ಕೊಕ್ಕರೆಗಳು ಎದ್ದುಹೋದವು. ಆಮೇಲೆ ನನ್ನ ಬರಿಗಾಲು ನೋಡಿ, “ಯು ಆರ್ ಗ್ರ್ಯಾಂಡ್” ಅಂದಳು. ಇಲ್ಲಿ ಗ್ರ್ಯಾಂಡ್ ಅಂದರೆ ವೈಭವವಲ್ಲ. ಪರವಾಗಿಲ್ಲ, ಆಯ್ತು, ಬದುಕಿದ್ದೀಯಲ್ಲ ಸಾಕು, ಈ ಮೂರೂ ಆ ಒಂದೇ ಪದದಲ್ಲಿವೆ.

ಅವತ್ತಿನಿಂದ ನನಗೆ ನೀರಿನ ಭಯ ಹಿಡಿಯಿತು. ಆದರೂ ರಜೆ ಬಂದಾಗಲೆಲ್ಲ ಹೋದೆ, ದಂಡೆಯಲ್ಲಿ ಕೂತು ಮೋರೀನ್ ಈಜುವುದನ್ನು ನೋಡಿದೆ. ಅವಳಿಂದ ಊರಿನ ಕಥೆ ಕೇಳಿದೆ. ಡಬ್ಲಿನ್ ನಗರವನ್ನು ಕಟ್ಟಿದವರು ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಉತ್ತರದ ನಾರ್ವೆ ಕಡೆಯಿಂದ ಹಡಗಿನಲ್ಲಿ ಬಂದ ವೈಕಿಂಗರು. ಲೂಟಿಗೆ ಬಂದವರು ಇಲ್ಲೇ ಬೇರುಬಿಟ್ಟರು. ಎದುರಿಗೆ ಸಮುದ್ರಕ್ಕೆ ಚಾಚಿದ ಹೌತ್ ಗುಡ್ಡಕ್ಕೆ ಆ ಹೆಸರಿಟ್ಟವರೂ ಅವರೇ. ಅವರ ಭಾಷೆಯಲ್ಲಿ ಅದು ತಲೆ ಎಂಬ ಅರ್ಥದ ಪದ. ಡಬ್ಲಿನ್ ಎಂಬ ಹೆಸರಿನಲ್ಲಿ ಇರುವುದು ಐರಿಷ್ ಭಾಷೆಯ ಕರಿ ಕೊಳ. ನಮ್ಮಲ್ಲೂ ಊರಿಗೂರೇ ಕೆರೆ, ಹಳ್ಳದ ಹೆಸರು ಹೊತ್ತಿರುವಾಗ ಇದು ನನಗೆ ಬಹಳ ಹಿಡಿಸಿತು.

ನಾವು ಕೂತಿದ್ದ ದ್ವೀಪ ಮಾತ್ರ ಊರಿಗಿಂತ ತೀರಾ ಚಿಕ್ಕ ವಯಸ್ಸಿನದು. ಬಂದರಿನ ಬಾಯಿಗೆ ಹೂಳು ತುಂಬದಿರಲೆಂದು ಇನ್ನೂರು ವರ್ಷದ ಹಿಂದೆ ಒಂದು ಉದ್ದನೆಯ ಗೋಡೆ ಕಟ್ಟಿದರಂತೆ. ಸಮುದ್ರ ಆ ಗೋಡೆಯ ಮಗ್ಗುಲಿಗೆ ಮರಳು ತಂದು ಸುರಿದು ದ್ವೀಪವನ್ನೇ ಮಾಡಿಟ್ಟಿತು. ಅದರ ತುದಿಯಲ್ಲಿ ಸೀಲ್ ಎಂಬ ದಪ್ಪ ಮೈಯ ಕಡಲ ಪ್ರಾಣಿಗಳು ಬಿಸಿಲಿಗೆ ಮೈ ಕಾಯಿಸಿಕೊಳ್ಳುತ್ತವೆ; ನೀರಿನಿಂದ ಬರೀ ತಲೆ ಎತ್ತಿ ನೋಡುವಾಗ ಕೆರೆಯಲ್ಲಿ ಬಿದ್ದುಕೊಂಡ ಎಮ್ಮೆಗಳೇ. ಚಳಿ ಶುರುವಾಗುವಾಗ ಕೆನಡಾದ ಹಿಮದ ಸೀಮೆಯಿಂದ ಬ್ರೆಂಟ್ ಬಾತುಗಳು ಬರುತ್ತವೆ, ಮಕ್ಕಳ ಫುಟ್‌ಬಾಲ್ ಮೈದಾನಕ್ಕೇ ನುಗ್ಗಿ ಹುಲ್ಲು ಮೇಯುತ್ತವೆ. ಆ ವರ್ಷ ಅವು ಬಂದಿಳಿದಾಗ ನನಗೆ ಅಳು ಬಂತು. ಅಷ್ಟು ದೂರದ ಹಕ್ಕಿಗಳು ಮರಿಗಳ ಸಮೇತ ಬಂದವು, ನನ್ನ ಮಗಳು ಬರಲಿಲ್ಲ.

ಅವತ್ತು ಮೋರೀನ್‌ಗೆ ಮಗಳಿಗೆ ಕೊಟ್ಟ ಮಾತಿನ ವಿಷಯ ಹೇಳಿದೆ. ಅವಳು ಸಮಾಧಾನ ಹೇಳಲಿಲ್ಲ. “ನೀನೇ ಇಳಿಯದೆ ಅವಳನ್ನ ಹೇಗೆ ಇಳಿಸ್ತೀಯ?” ಅಂದಳು.

ಸರಿ, ಇಳಿಯೋಣ. ಆದರೆ ಹೇಗೆ? ಭಯಪಟ್ಟವರ ಕೈ ಹಿಡಿಯಬೇಕು. ಆ ಕಾಲದಲ್ಲಿ ಅವಳು ನನ್ನನ್ನು ಮುಟ್ಟುವಂತಿಲ್ಲ. ನಾನಂತೂ ಆಸ್ಪತ್ರೆಯವಳು, ಅವಳ ವಯಸ್ಸಿಗೆ ನನ್ನ ಉಸಿರೇ ಅಪಾಯ. ಆಗ ನನ್ನ ಹೆಗಲ ಮೇಲಿನ ಕಂಬಳಿ ಕಣ್ಣಿಗೆ ಬಿತ್ತು. ಉದ್ದಕ್ಕೆ ಹಿಡಿದರೆ ಎರಡು ಮೀಟರಿಗೂ ಮಿಕ್ಕಿ ಬರುತ್ತದೆ. ಒಂದು ತುದಿ ಅವಳು ಹಿಡಿದಳು, ಒಂದು ತುದಿ ನಾನು.

ನೀರು ತುಂಬಿದ ಹೊತ್ತು ನೋಡಿ, ಈಜುವವರಿಗೆಂದೇ ಗೋಡೆಗೆ ಕಟ್ಟಿದ ಮೆಟ್ಟಿಲಿಂದ ಇಳಿದೆವು. ಅವಳು ಮುಂದೆ, ನಾನು ಹಿಂದೆ. ಮೊದಲ ಮೆಟ್ಟಿಲಲ್ಲಿ ಪಾದ ಸುಟ್ಟಂತಾಯಿತು. ಅಷ್ಟು ತಣ್ಣಗಿನ ನೀರು ಬಿಸಿಯೋ ತಂಪೋ ಎಂದು ಮೈಗೆ ತಿಳಿಯುವುದಿಲ್ಲ. ಸೊಂಟಕ್ಕೆ ಬಂದಾಗ ಉಸಿರು ನಿಂತಿತು.

“ಉಸಿರು ಬಿಡು!” ಮೋರೀನ್ ಕೂಗಿದಳು. “ತಗೋಬೇಡ, ಬಿಡು!”

ತಿಂಗಳುಗಟ್ಟಲೆ ರೋಗಿಗಳಿಗೆ ನಾನು ಹೇಳಿದ್ದ ಮಾತು ಅದು: ನಿಧಾನಕ್ಕೆ ಉಸಿರು ಬಿಡಿ. ಬಿಟ್ಟೆ. ಬಿಟ್ಟ ಉಸಿರಿನ ಜೊತೆಗೆ ಕೂಗೂ ಬಂತು, ಅಚ್ಚ ಚಳ್ಳಕೆರೆಯ ಕೂಗು. “ಅಯ್ಯಯ್ಯಪ್ಪೋ, ಸತ್ತೆ ಕಣವ್ವೋ!” ಕತ್ತಿನವರೆಗೆ ಮುಳುಗಿ ಎದ್ದೆ. ಈಜಲು ಬಂದು ಮೆಟ್ಟಿಲ ಮೇಲೆ ನಿಂತಿದ್ದ ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು. ನನ್ನ ಮೈಯೆಲ್ಲ ಬೆಂಕಿ ಬೆಂಕಿ, ಮುಖದ ತುಂಬ ನಗು. ವರ್ಷಪೂರ್ತಿ ಮಾಸ್ಕಿನೊಳಗಿದ್ದ ಮುಖಕ್ಕೆ ಗಾಳಿ ತಗುಲಿತ್ತು. ಗೆದ್ದೆ ಅನ್ನಿಸಿತು, ಅದನ್ನು ಮುಚ್ಚಿಡುವುದೇಕೆ?

ಮೋರೀನ್ ತೊಯ್ದ ಕಂಬಳಿಯ ತುದಿಯನ್ನು ಮೂಗಿಗೆ ಹಿಡಿದು ನಿಂತಿದ್ದಳು. “ಮೇಯೋದಲ್ಲಿ ನಮ್ಮಪ್ಪನ ಕೋಟು ಹೀಗೇ ನಾರ್ತಿತ್ತು,” ಅಂದಳು. ಮೇಯೋ ಅಂದರೆ ಪಶ್ಚಿಮದ ಕುರಿ ಸಾಕುವ ಸೀಮೆ. ಅವಳ ಕಣ್ಣಲ್ಲಿ ನೀರಿತ್ತು. ಕುರಿ ಕುರಿಯೇ, ಎಲ್ಲಿಯದಾದರೇನು.

ಆ ಸಂಜೆ ಮಂಜುನಾಥ ಎಂದಿನಂತೆ “ಬಂದ್ಬಿಡು” ಅಂದ. “ನಾನು ಬರಲ್ಲ, ನೀವೇ ಬನ್ನಿ. ಸಮುದ್ರ ರೆಡಿ ಐತೆ,” ಅಂದೆ. ಅವನು ಜೋರಾಗಿ ನಕ್ಕ. ಮತ್ತೆ ಆ ಮಾತು ಎತ್ತಲಿಲ್ಲ.

ಅವರು ಬಂದದ್ದು ಮರುವರ್ಷದ ಶರತ್ಕಾಲದಲ್ಲಿ, ಬಾತುಗಳು ಬರುವ ಹೊತ್ತಿಗೇ. ಬೇಕೆಂದೇ ನೀರು ಇಳಿದ ಸಮಯ ನೋಡಿ ಚಿನ್ಮಯಿಯನ್ನು ದಿಬ್ಬ ಹತ್ತಿಸಿದೆ. ಅವಳ ಮುಖ ಬಾಡಿತು. “ಇನ್ನೂ ಬತ್ತೋಗೇ ಐತಲ್ಲಮ್ಮ!”

“ಕೂತ್ಕೋ,” ಅಂದೆ. “ಬರುತ್ತೆ.”

ದಿಬ್ಬದ ಮೇಲೆ ಕಂಬಳಿ ಹಾಸಿ, ಪುಳಿಯೋಗರೆ ಬಿಚ್ಚಿ ಕೂತೆವು. ಮೊದಲು ದೂರದಲ್ಲಿ ಒಂದು ಬೆಳ್ಳಿ ಗೆರೆ, ಆಮೇಲೆ ತಗ್ಗುಗಳಲ್ಲಿ ಮಿಂಚು, ಆಮೇಲೆ ಇಡೀ ಕೊಲ್ಲಿ ನಮ್ಮ ಕಡೆಗೆ ನಡೆದು ಬಂತು. ಮಗಳು ಬಾಯಿ ಬಿಟ್ಟುಕೊಂಡು ನೀರನ್ನೂ ನನ್ನನ್ನೂ ಸರದಿಯಂತೆ ನೋಡಿದಳು, ನಾನೇ ಕರೆಸಿದ್ದೇನೋ ಎಂಬಂತೆ. ಅವಳ ಕೈ ಹಿಡಿದು, ಬರಿಗೈಯಲ್ಲೇ ಹಿಡಿದು, ಸಮುದ್ರಕ್ಕೆ ಇಳಿಸಿದೆ.

ಈಗ ಅವಳು ನನಗಿಂತ ಚೆನ್ನಾಗಿ ಈಜುತ್ತಾಳೆ. ಕನ್ನಡದಲ್ಲಿ ಕೇಳಿದರೆ ಐರಿಷ್ ಧಾಟಿಯ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ಅಜ್ಜಿಯ ಜೊತೆ ಮಾತ್ರ ಇನ್ನೂ ಕನ್ನಡ.

ಕಳೆದ ಬೇಸಿಗೆಯಲ್ಲಿ ಊರಿಗೆ ಹೋಗಿದ್ದೆವು. ಒಂದು ಸಂಜೆ ಅಮ್ಮನ ಜೊತೆ ಕೆರೆ ಏರಿಯ ಮೇಲೆ ಹೋದಾಗ ಕೆರೆ ಬಿರುಕು ಬಿಟ್ಟು ಮಲಗಿತ್ತು. ಅಮ್ಮ ಹೆಗಲ ಮೇಲಿದ್ದ ತನ್ನ ಇನ್ನೊಂದು ಕಂಬಳಿ ಹಾಸಿದಳು. ಚಿನ್ಮಯಿ ಅದರ ಮೇಲೆ ಕೂತು, ಸಮಾಧಾನ ಹೇಳುವವಳಂತೆ ಅಜ್ಜಿಯ ಕೈ ಹಿಡಿದು, “ಗ್ರ್ಯಾಂಡ್, ಅಜ್ಜಿ! ಸ್ವಲ್ಪ ಹೊತ್ತು ಕಾಯಿ, ನೀರು ಬರುತ್ತೆ,” ಅಂದಳು.

ಅಮ್ಮ ನನ್ನ ಮುಖ ನೋಡಿದಳು. ಬರುವುದಿಲ್ಲ ಎಂದು ಅವಳಿಗೂ ಗೊತ್ತು, ನನಗೂ ಗೊತ್ತು. “ಕಾಯೋಣ ಬಿಡವ್ವ, ನಮ್ಮದೇನು ಗಂಟು ಹೋಗುತ್ತೆ,” ಅಂದು ಮೊಮ್ಮಗಳ ಪಕ್ಕ ಕೂತಳು. ಏಳೋಣ ಎನ್ನಲು ನನಗೂ ಬಾಯಿ ಬರಲಿಲ್ಲ. ಕಂಬಳಿಯ ಇನ್ನೊಂದು ತುದಿಯಲ್ಲಿ ಕೂತು, ಕತ್ತಲಾಗುವವರೆಗೆ ನಾನೂ ನೀರಿಗೆ ಕಾದೆ.