ದ್ವೀಪದಲ್ಲಿ ಉಳಿದುಹೋದವಳು ಅತ್ತಳೇ?

ನನಗೆ ಫ್ರೆಂಚ್ ಬರುವುದಿಲ್ಲ. ಆದರೂ ಕಳೆದ ತಿಂಗಳು ಬಣಕಲ್ಲಿನ ಮಹಿಳಾ ಮಂಡಳಿಯಲ್ಲಿ ಫ್ರಾನ್ಸಿನ ಹಳೆಯ ಲೇಖಕಿಯರ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿಬಂದೆ. ಇಂಗ್ಲಿಷಿನಲ್ಲಿ ಓದಿ, ಮೂಲವನ್ನೇ ಅರೆದು ಕುಡಿದವಳಂತೆ ಮುಖ ಮಾಡಿಕೊಳ್ಳುವ ವಿದ್ಯೆ ಕಾಲೇಜಿನಲ್ಲಿ ಪಾಠ ಹೇಳಿದವರಿಗೆ ನಿವೃತ್ತಿಯಾದರೂ ಮರೆಯುವುದಿಲ್ಲ.

ಕಾಫಿ ಕೊಯ್ಲು ಮುಗಿದು ಹೆಂಗಸರಿಗೆ ತುಸು ಬಿಡುವಾಗಿತ್ತು. ತೋಟದ ಒಡತಿಯರೂ ತೋಟದ ಕೆಲಸದವರೂ ಒಂದೇ ಜಮಖಾನೆಯ ಮೇಲೆ ಕೂತಿದ್ದರು. ಮೊದಲು ಗ್ರೀಕರ ಹಳೆಯ ಕತೆ ಹೇಳಿದೆ. ಒಬ್ಬ ರಾಜಕುಮಾರಿ. ಒಳಹೊಕ್ಕವರು ದಾರಿ ತಪ್ಪುವ ಕಟ್ಟಡದಲ್ಲಿ ರಾಕ್ಷಸನನ್ನು ಕೊಲ್ಲಲು ಹೊರಟ ಪರದೇಶದ ವೀರನಿಗೆ ಅವಳು ನೂಲಿನ ಉಂಡೆ ಕೊಡುತ್ತಾಳೆ. ಆ ನೂಲು ಹಿಡಿದು ಅವನು ಬದುಕಿ ಹೊರಬರುತ್ತಾನೆ. ಅವನನ್ನು ನಂಬಿ ತವರು ಬಿಟ್ಟು ಹಡಗು ಹತ್ತಿದವಳನ್ನು, ನಿದ್ದೆಯಲ್ಲಿದ್ದಾಗ, ದ್ವೀಪವೊಂದರಲ್ಲಿ ಬಿಟ್ಟು ಹೊರಟುಹೋಗುತ್ತಾನೆ. ಮುಂದೆ ಶತಮಾನಗಟ್ಟಲೆ ಗಂಡು ಕವಿಗಳು ಅವಳನ್ನು ದಡದಲ್ಲಿ ನಿಲ್ಲಿಸಿ ಅಳಿಸಿದ್ದೇ ಅಳಿಸಿದ್ದು.

ಮೂರು ನಾಲ್ಕು ನೂರು ವರ್ಷಗಳ ಹಿಂದೆ ಫ್ರಾನ್ಸಿನ ಕೆಲವು ಹೆಂಗಸರು ಇಂಥ ನಾಯಕಿಯರನ್ನು ಕೈಗೆತ್ತಿಕೊಂಡರು. ಅವರಿಗೆ ಕಾಲೇಜಿನ ಬಾಗಿಲು ಮುಚ್ಚಿತ್ತು. ಬರೆದದ್ದಕ್ಕೆ ಹೆಸರು ಹಾಕಲೂ ಕೆಲವರು ಹಿಂಜರಿದರು. ಆದರೆ ಪುರಾಣದ ರಾಣಿಯರ ಬಾಯಿಗೆ ಭಾಷಣ ಕೊಟ್ಟರು, ಅವರ ಕೈಯಲ್ಲಿ ಕಾಗದ ಬರೆಸಿದರು, ರಂಗದ ಮೇಲೆ ಹಾಡಿಸಿದರು. ಕತೆಯನ್ನು ಅವಳ ಕಡೆಯಿಂದಲೂ ಕೇಳಿ ಎಂದರು. ಇಷ್ಟು ಹೇಳಿ, ಚಪ್ಪಾಳೆಗೆ ಜಾಗ ಬಿಟ್ಟು ನಾನು ನೀರು ಕುಡಿದೆ.

ಚಪ್ಪಾಳೆ ಬರಲಿಲ್ಲ. ಗಿರಿಜಕ್ಕ ಎದ್ದು ನಿಂತರು. ಬಣಕಲ್ಲಿನಲ್ಲಿ ಟೈಲರ್ ಅಂಗಡಿ ಇಟ್ಟುಕೊಂಡಿರುವ ಗಿರಿಜಕ್ಕನ ಕತೆ ಗೊತ್ತಿಲ್ಲದವರಿಲ್ಲ. ಮದುವೆಯಾದ ಎರಡನೇ ವರ್ಷ ಗಂಡ ಅವರನ್ನು ಮೂಡಿಗೆರೆ ಬಸ್‌ಸ್ಟ್ಯಾಂಡಿನಲ್ಲಿ ಕೂರಿಸಿ, ಬಾಳೆಹಣ್ಣು ತರುತ್ತೇನೆಂದು ಹೋದವನು ಬರಲೇ ಇಲ್ಲ. ಸಂಜೆಯವರೆಗೆ ಅಳುತ್ತಾ ಕೂತಿದ್ದರಂತೆ. ಕೊನೆಗೊಂದು ‘ಪಾಪ’ ಸೇರಿಸಿ ನಾನೇ ಎಷ್ಟೋ ಜನಕ್ಕೆ ಇದನ್ನು ಹೇಳಿದ್ದೇನೆ.

“ಅವ್ಳು ಅತ್ಲು ಅಂತ ಹೇಳಿದ್ಯಾರು ಮೇಡಂ?” ಎಂದರು ಗಿರಿಜಕ್ಕ. “ದ್ವೀಪದಲ್ಲಿ ಬೇರೆ ಯಾರೂ ಇರ್ಲಿಲ್ವಲ್ಲ?”

ಎಲ್ಲರೂ ನಕ್ಕರು. ಅವರು ನಗಲಿಲ್ಲ.

“ನಾನೂ ಅಳ್ಲಿಲ್ಲ. ಒಂದು ಗಂಟೆ ಕಾಯೋದ್ರೊಳಗೆ ಗೊತ್ತಾಯ್ತು, ಇವ್ರು ಬರಲ್ಲ ಅಂತ. ಗೋಣಿಬೀಡಿನ ಬಸ್ಸು ಬಂತು, ನಮ್ಮಮ್ಮನ ಮನೆಗೆ ಹೋಗೋದು. ಹತ್ಲಿಲ್ಲ. ಹೋದ್ರೆ ಅಮ್ಮ ಅಳ್ತಾರೆ, ಅವ್ರನ್ನ ಸಮಾಧಾನ ಮಾಡೋದೇ ನನ್ ಕೆಲಸ ಆಗುತ್ತೆ. ಇಲ್ಲಿ ನಾವಿದ್ದ ಬಾಡಿಗೆ ರೂಮಲ್ಲಿ ನನ್ನ ಹೊಲಿಗೆ ಮಿಷನ್ ಇತ್ತು. ಮದುವೆ ಹುಡುಗಿದೊಂದು ರವಿಕೆ ಅರ್ಧ ಹೊಲಿದಿಟ್ಟಿದ್ದೆ. ಗೋಣಿಬೀಡಿನ ಎರಡನೇ ಬಸ್ಸನ್ನೂ ಹೋಗ್ಲಿ ಅಂತ ಬಿಟ್ಟೆ. ಆಮೇಲೆ ಬಣಕಲ್ ಬಸ್ ಹತ್ತಿದೆ. ಅಷ್ಟೊತ್ತು ಕೂತಿದ್ದು ಅಳೋಕಲ್ಲ, ಯೋಚ್ನೆ ಮಾಡೋಕೆ.”

ನನ್ನ ಕಿವಿ ಬಿಸಿಯಾಯಿತು. ಸಾವಿರಾರು ವರ್ಷ ಹಿಂದಿನ ಹೆಣ್ಣಿಗೆ ನ್ಯಾಯ ಕೊಡಿಸಲು ಹೊರಟವಳು, ಎದುರಿಗಿದ್ದ ಹೆಣ್ಣನ್ನು ಇಷ್ಟು ವರ್ಷ ನಾನೇ ಅಳಿಸುತ್ತಾ ಬಂದಿದ್ದೆ.

“ತಪ್ಪಾಯ್ತು ಗಿರಿಜಕ್ಕ, ನೀವು ಅತ್ರಿ ಅಂತ್ಲೇ ನಾನೂ ಹೇಳ್ಕೊಂಡು ಬಂದಿದ್ದೆ,” ಎಂದೆ.

“ಯಾರೋ ಹೇಳಿದ್ದನ್ನ ನೀವೂ ಹೇಳಿದ್ರಿ. ಕೇಳಿದ್ರೆ ಹೇಳ್ತಿದ್ದೆ ಮಾರಾಯ್ರೆ. ಮೂವತ್ತು ವರ್ಷದಲ್ಲಿ ಒಬ್ರೂ ಕೇಳ್ಲಿಲ್ಲ,” ಎಂದು ಅವರು ಕೂತರು.

ಮೊನ್ನೆ ಅವರ ಅಂಗಡಿಗೆ ಹೋಗಿದ್ದೆ. ಅತ್ತಿಗುಂಡಿಯಿಂದ ಹೊಸದಾಗಿ ಮದುವೆಯಾಗಿ ಬಂದ ಸೊಸೆಗೆ ಅವಳ ಅತ್ತೆ ಕತೆ ಹೇಳುತ್ತಿದ್ದರು. ಗಿರಿಜಕ್ಕ ಬೇಕೆಂದೇ ಐದು ಬಸ್ಸು ಬಿಟ್ಟರಂತೆ. ಹತ್ತಮ್ಮ ಎಂದ ಕಂಡಕ್ಟರಿಗೆ “ನೀನೇ ಹೋಗು” ಎಂದರಂತೆ. ನಾನು ಗಿರಿಜಕ್ಕನ ಮುಖ ನೋಡಿದೆ. ಅವರ ತುಟಿಯ ನಡುವೆ ನಾಲ್ಕು ಗುಂಡುಸೂಜಿಗಳಿದ್ದವು. ತೆಗೆದಿಟ್ಟು ತಿದ್ದಬಹುದಿತ್ತು. ತಿದ್ದಲಿಲ್ಲ, ಸೊಸೆಯ ತೋಳಿನ ಅಳತೆ ಹಿಡಿಯುತ್ತಾ ಕಣ್ಣಲ್ಲೇ ನಕ್ಕರು. ನಾನೂ ಸುಮ್ಮನಿದ್ದೆ. ಅಷ್ಟು ವರ್ಷ ಊರವರು ಅವರ ಹೆಸರಿನಲ್ಲಿ ಅಷ್ಟೊಂದು ಕಣ್ಣೀರು ಸುರಿಸಿದ್ದಾರೆ. ಈಗ ಮೂರು ಬಸ್ಸು ಹೆಚ್ಚಾದರೆ ಏನಂತೆ!