ದೊಡ್ಡಮ್ಮ ಅಳೆದ ಅರ್ಧ ಬೀದಿ

ಹೋದ ವಾರ ಶಿವಮೊಗ್ಗದ ನಮ್ಮ ಮನೆಯೆದುರು ಫುಟ್‌ಪಾತ್ ಹೊಸದಾಗಿ ಹಾಕುತ್ತಿದ್ದರು. ಹಸಿ ಸಿಮೆಂಟಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಭದ್ರಾವತಿಯ ಜನ್ನಾಪುರದಲ್ಲಿ ನಾವಿದ್ದ ಬೀದಿಯ ನಲ್ಲಿಕಟ್ಟೆ ಕಣ್ಮುಂದೆ ಬಂತು. ಅದರ ಹಿಂದೆಯೇ ದೊಡ್ಡಮ್ಮ ಬಂದರು.

ನಮಗೆ ಸಂಬಂಧಿಯೇನಲ್ಲ. ಬೀದಿಯ ಮೇಲುತುದಿಯ ಮನೆಯವರು. ಮಕ್ಕಳಿಗೆಲ್ಲ ದೊಡ್ಡಮ್ಮ, ದೊಡ್ಡವರಿಗೆ ಅಕ್ಕ. ಎಲ್ಲಿಗೆ ಹೋದರೂ ತುಟಿಯಲ್ಲೇ ಹೆಜ್ಜೆ ಎಣಿಸುವುದು ಅವರ ಚಾಳಿ. ಬಸ್ ಸ್ಟಾಪ್ ಎಷ್ಟು ದೂರ ಎಂದು ಕೇಳಿದವರಿಗೂ ಹೆಜ್ಜೆಯಲ್ಲೇ ಉತ್ತರ. ನಡುವೆ ಯಾರಾದರೂ ಮಾತಾಡಿಸಿದರೆ ಅಂಗೈ ತೋರಿಸಿ ಸುಮ್ಮನಾಗಿಸಿ, ಎಣಿಸುತ್ತಲೇ ಸಾಗುತ್ತಿದ್ದರು.

ತೊಂಬತ್ತರ ದಶಕದ ಕೊನೆಯಿರಬೇಕು... ಬೀದಿಗೆ ಒಂದೇ ನಲ್ಲಿ ಮಂಜೂರಾಯಿತು. ಸರಿಯಾಗಿ ನಡುವೆ ಹಾಕಬೇಕೆಂದು ಎಲ್ಲರೂ ಒಪ್ಪಿದರು. ನಡು ಎಲ್ಲಿ ಎಂಬುದನ್ನು ಯಾರೂ ಒಪ್ಪಲಿಲ್ಲ. ಟೇಪು ತಂದರೆ ಎರಡೂ ಕಡೆಯವರು ಎಳೆದಾಡಿದರು. ಕೊನೆಗೆ ದೊಡ್ಡಮ್ಮನೇ ಅಳೆಯಲಿ ಎಂದಾಯಿತು. ನಮ್ಮ ಮನೆ ಇದ್ದದ್ದು ಬೀದಿ ಇಳಿಯುವ ಕಡೆ. ಅಮ್ಮನಿಗೆ ಆಗಷ್ಟೇ ಆಪರೇಷನ್ ಆಗಿತ್ತು, ಭಾರ ಎತ್ತಬಾರದೆಂದು ಡಾಕ್ಟರು ಹೇಳಿದ್ದರು. ಅಪ್ಪ ಶಿಫ್ಟಿಗೆ ಹೋದರೆ ನೀರು ತರಲು ಅವಳನ್ನು ಬಿಟ್ಟು ಯಾರೂ ಇರಲಿಲ್ಲ. ನಾನಿನ್ನೂ ಕೊಡದಷ್ಟೇ ಎತ್ತರ.

ದೊಡ್ಡಮ್ಮ ಸೆರಗು ಸಿಕ್ಕಿಸಿ, ತಮ್ಮ ಮನೆಯಿಂದ ಕೆಳತುದಿಯವರೆಗೆ ದಾಪುಗಾಲು ಹಾಕಿ ಎಣಿಸುತ್ತಾ ಬಂದರು. ಆಮೇಲೆ ತಿರುಗಿ, ಅದರರ್ಧ ಎಣಿಸುತ್ತಾ ಮೇಲಕ್ಕೆ ಹೊರಟರು. ಈ ಸಲ ಪುಟ್ಟ ಪುಟ್ಟ ಹೆಜ್ಜೆ. ಲೆಕ್ಕ ಮುಗಿದು ನಿಂತದ್ದು ನಮ್ಮ ಗೇಟಿನ ಎದುರಿಗೆ.

"ಇದೇನಕ್ಕಾ, ವಾಪಸ್ ಬರ್ತಾ ಕಾಲು ಗಿಡ್ಡ ಆಯ್ತಾ?" ಎಂದರು ಮೇಲುತುದಿಯ ಕಿರಾಣಿ ಅಂಗಡಿಯವರು.

"ಏರು ಕಣೋ ಮಾರಾಯ. ತುಂಬಿದ ಕೊಡ ಹೊತ್ಕೊಂಡು ನೀನು ಹತ್ತು, ನಿನ್ನ ಹೆಜ್ಜೆ ಎಷ್ಟುದ್ದ ಇರುತ್ತೆ ನೋಡೋಣ."

ಎಲ್ಲರೂ ನಕ್ಕರು. ನಲ್ಲಿಯನ್ನು ತಮ್ಮ ಮನೆಯಿಂದಲೇ ದೂರ ಮಾಡಿಕೊಂಡವರನ್ನು ಅನುಮಾನಿಸುವುದು ಹೇಗೆ? ಅಲ್ಲೇ ಕಟ್ಟೆ ಎದ್ದಿತು.

ಸರಿಯಾಗಿ ಎಣಿಸಿದಿರಾ ಎಂದು ಅಮ್ಮ ಮೆಲ್ಲಗೆ ಕೇಳಿದಾಗ, "ನೀನು ಮೊದ್ಲು ಕಾಫಿಗೆ ಸಕ್ಕರೆ ಹಾಕಮ್ಮಾ" ಅಂದರಂತೆ. ಇದನ್ನು ನಾನೇ ಕೇಳಿಸಿಕೊಂಡೆನೋ, ಅಮ್ಮ ಹೇಳಿ ಹೇಳಿ ಕೇಳಿದಂತಾಗಿದೆಯೋ... ಪುಟ್ಟ ಹೆಜ್ಜೆಗಳಂತೂ ನಾನು ಕಂಡದ್ದೇ. ಅವು ಏರಿಗಾಗಿಯೋ, ಅಮ್ಮನಿಗಾಗಿಯೋ?

ಮೊನ್ನೆ ಭಾನುವಾರ ಜನ್ನಾಪುರಕ್ಕೆ ಹೋಗಿದ್ದೆ. ದೊಡ್ಡಮ್ಮ ತೀರಿಕೊಂಡು ವರ್ಷಗಳಾದವು. ಆ ನಲ್ಲಿಯೂ ಈಗಿಲ್ಲ. ನಮ್ಮ ಹಳೆಯ ಗೇಟಿನಿಂದ ಅವರ ಮನೆಯವರೆಗೆ ಬರಿಗೈಯಲ್ಲೇ ಹತ್ತಿದೆ. ಬಾಗಿಲು ಮುಟ್ಟುವಷ್ಟರಲ್ಲಿ ಏದುಸಿರು ಬಂತು. ಸೊಂಟದಲ್ಲೊಂದು, ಕೈಯಲ್ಲೊಂದು ತುಂಬಿದ ಕೊಡ ಹಿಡಿದು ದಿನಾ ಬೆಳಿಗ್ಗೆ ಅವರು ಹತ್ತುತ್ತಿದ್ದ ಏರು ಅದು. ಈಗ ಅಲ್ಲಿರುವ ಹುಡುಗಿ ಹೊರಗೆ ಬಂದು, ಯಾರು ಬೇಕಿತ್ತು ಎಂದಳು.

ಕುಡಿಯಲು ನೀರು ಕೇಳಿದೆ.