ಹೊಲಿಗೆ ಹಾಕದ ಆಪರೇಷನ್

ಗೆಳೆಯರೆಲ್ಲರಿಗೂ ನಮಸ್ಕಾರ. ಅಜ್ಜಂಪುರದ ಇಂದಿನ ಆರೋಗ್ಯ ಸಭೆಗೆ ಬಂದ ಹಿರಿಯರಿಗೆ, ಮುಖ್ಯವಾಗಿ ಶಿವನಿಯ ರುದ್ರಣ್ಣನವರಿಗೆ ಕೃತಜ್ಞತೆಗಳು. ಹೋದ ವರ್ಷ ಅವರ ಪ್ರಾಸ್ಟೇಟ್ ಗ್ರಂಥಿಗೆ ಲೇಸರ್ ಶಸ್ತ್ರಚಿಕಿತ್ಸೆ ಆಗಿತ್ತು.

ಈಗಷ್ಟೇ ಇಲ್ಲಿ ನನ್ನ ನರ್ಸಿಂಗ್ ವಿದ್ಯಾರ್ಥಿನಿ ಶಬಾನಾ ಅವರನ್ನು, "ತಾತ, ಈಗ ಮೂತ್ರ ಸಲೀಸಾಗಿ ಹೋಗುತ್ತಾ?" ಎಂದು ಕೇಳಿದಳು.

"ಹೊಲಿಗೇನೇ ಹಾಕಿಲ್ಲ ಕಣವ್ವ, ಬಿಚ್ಚೋಕೇನೈತೆ?" ಎಂದು ಅವರು ಪ್ರಶ್ನೆಯನ್ನು ತೇಲಿಸಿ ನಕ್ಕರು.

ಹಿಂದಿನ ಸಾಲಿನಿಂದ ಅವರ ಹೆಂಡತಿ, "ಬಚ್ಚಲಿಗೆ ಹೋದ್ರೆ ಬಡಿಸಿದ ಅನ್ನ ಆರೋಗೋವರ್ಗೂ ಈಚೆಗೆ ಬರಲ್ಲ, ಅದನ್ನ ಹೇಳ್ರೀ!" ಎಂದರು.

ಸಭೆ ನಕ್ಕಿತು, ಶಬಾನಾ ನಗಲಿಲ್ಲ. "ಒಳಗಡೆ ಗಾಯ ಮಾಯೋವಾಗ ಮೂತ್ರದ ದಾರಿ ಕಿರಿದಾಗಿರಬೋದು ತಾತ. ಪೂರ್ತಿ ಕಟ್ಟೋಕೆ ಮುಂಚೆ ಡಾಕ್ಟರಿಗೆ ತೋರ್ಸಿ."

ರುದ್ರಣ್ಣನವರು, "ನಾಳೆ ರೈಲಿಗೇ ಹೋಯ್ತೀನಿ ಬಿಡವ್ವ" ಎಂದರು.

ಯುವಮಿತ್ರರೇ, ಶಬಾನಾಳ ಪ್ರಶ್ನೆಯನ್ನು ಇಂದೇ ನಿಮ್ಮ ಮನೆಗಳಲ್ಲಿ ಕೇಳಲು ಆರಂಭಿಸಿ. ತಾತನಿಗಿಂತ ಮೊದಲು ಅಜ್ಜಿಯನ್ನು ಕೇಳಿ.